ಡೆಬಿಯನ್ 13ಕ್ಕೆ ಹೋದವರು ಹೇಳಿ: ಅಂಗಡಿ ಮೆಷಿನ್ ಅಪ್‌ಡೇಟ್ ಮಾಡಲಾ, ಹಳೆಯದರಲ್ಲೇ ಇರಲಾ?

ಸರಸ್ವತಿಪುರಂ ಜೆರಾಕ್ಸ್:
ಎಲ್ಲರಿಗೂ ನಮಸ್ಕಾರ. ಅಂಗಡಿಯಲ್ಲಿ ಎರಡು ಮೆಷಿನ್ ಇವೆ, ಎರಡರಲ್ಲೂ ಡೆಬಿಯನ್ 12 (ವಿಂಡೋಸ್ ಬದಲು ಹಾಕುವ ಉಚಿತ ಲಿನಕ್ಸ್). ಪಾಸ್‌ಪೋರ್ಟ್ ಫೋಟೋ, ಲಗ್ನಪತ್ರಿಕೆ, ಅರ್ಜಿ ಟೈಪಿಂಗ್ ನಮ್ಮ ಕೆಲಸ. 13ಕ್ಕೆ ಹೋದರೆ ಫೋಟೋ ತಿದ್ದುವ ಗಿಂಪ್ ಪ್ರೋಗ್ರಾಮಿನ ಹೊಸ ಆವೃತ್ತಿ, ಗಿಂಪ್ 3, ಬರುತ್ತದೆ. ಫೋಟೋ ಕೆಲಸ ನೋಡುವ ಅಕ್ಕ ಅದನ್ನು ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿ, "ಇದನ್ನ ಹಾಕೋದಾದ್ರೆ ನನ್ನ ಲೆಕ್ಕ ಚುಕ್ತಾ ಮಾಡ್ಬಿಡಿ" ಅಂದುಬಿಟ್ಟರು. ಮದುವೆ ಸೀಸನ್ ಹತ್ತಿರ ಬಂತು. ಅನುಭವ ಇರುವವರು ದಯವಿಟ್ಟು ಹೇಳಿ.

ಕುವೆಂಪುನಗರ ಸ್ಟುಡಿಯೋ:
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. 2012ರಲ್ಲಿ ಗಿಂಪ್ 2.8 ಬಂತು. ಅಲ್ಲಿವರೆಗೆ ಜೆಪೆಗ್ ತೆರೆದು, ತಿದ್ದಿ, ಕಂಟ್ರೋಲ್ ಎಸ್ ಒತ್ತಿದರೆ ಜೆಪೆಗ್ ಆಗಿಯೇ ಸೇವ್ ಆಗುತ್ತಿತ್ತು. ಅವತ್ತಿನಿಂದ ಸೇವ್ ಅಂದರೆ ಗಿಂಪ್‌ನದೇ ಆದ ಎಕ್ಸ್‌ಸಿಎಫ್ ಫೈಲ್ ಮಾತ್ರ. ಜೆಪೆಗ್ ಬೇಕಾದರೆ ಎಕ್ಸ್‌ಪೋರ್ಟ್ ಮಾಡಬೇಕು. ನಮ್ಮ ಹುಡುಗನ ಬೆರಳು ಕೇಳಬೇಕಲ್ಲ! ಒಂದು ಮದುವೆ ಆಲ್ಬಮ್ ಪೂರ್ತಿ ಎಕ್ಸ್‌ಸಿಎಫ್ ಆಗಿ ಪೆನ್‌ಡ್ರೈವ್ ಸೇರಿತು. ಪ್ರಿಂಟ್ ಲ್ಯಾಬಿನವರು ಫೈಲ್ ಓಪನ್ ಆಗಲ್ಲ ಅಂತ ವಾಪಸ್ ಕಳಿಸಿದರು. ಆಟೋಗೆ 120 ರೂಪಾಯಿ, ರಾತ್ರಿ ಕೂತಿದ್ದಕ್ಕೆ ಹುಡುಗನಿಗೆ 400, ಲ್ಯಾಬಿಗೆ ಅರ್ಜೆಂಟ್ ಚಾರ್ಜ್ 650. ತಡವಾಯಿತು ಅಂತ ಹೆಣ್ಣಿನ ಕಡೆಯವರು ಬಾಕಿಯಲ್ಲಿ 2,000 ಹಿಡಿದುಕೊಂಡರು. ಒಟ್ಟು 3,170 ರೂಪಾಯಿ, ಪುಸ್ತಕದಲ್ಲಿ ಈಗಲೂ ಇದೆ.

2018ರಲ್ಲಿ 2.10 ಬಂತು. ಪರದೆ ಕಪ್ಪಾಯಿತು, ಬಣ್ಣದ ಐಕಾನ್‌ಗಳೆಲ್ಲ ಬೂದು. 2.10.18ರಲ್ಲಿ ಟೂಲ್‌ಗಳನ್ನು ಒಂದರ ಹಿಂದೆ ಒಂದು ಅಡಗಿಸಿಟ್ಟರು. ಯಾರು ಕೇಳಿದ್ದರು? ನನ್ನ ಕಣ್ಣಿಗೆ ಆ ಬೂದು ಚಿತ್ರ ಕಾಣಲ್ಲ. 2.8 ಇರುವ ಹಳೇ ಮೆಷಿನ್ನಿನ ನೆಟ್ ವೈರ್ ಕಿತ್ತಿಟ್ಟಿದ್ದೇನೆ. ಇವತ್ತಿಗೂ ಅನ್ನ ಹಾಕುತ್ತಿರುವುದು ಅದೇ.

ಮಂಡ್ಯ ಕೋರ್ಟ್ ಟೈಪಿಂಗ್:
ಗಿಂಪ್ ಬಿಡಿ ಸರ್, ನಮಗೆ ಡೆಸ್ಕ್‌ಟಾಪೇ ಹೋಗಿತ್ತು. 2011ರ ಏಪ್ರಿಲ್‌ನಲ್ಲಿ ಲಿನಕ್ಸ್ ಡೆಸ್ಕ್‌ಟಾಪ್ ಆದ ಗ್ನೋಮ್ 3 ಬಂತು, ಅದೇ ತಿಂಗಳು ಇನ್ನೊಂದು ಲಿನಕ್ಸ್ ಆದ ಉಬುಂಟು 11.04ರಲ್ಲಿ ಯೂನಿಟಿ ಅನ್ನೋ ಹೊಸ ಡೆಸ್ಕ್‌ಟಾಪ್. ಮೇಲೆ ಅಪ್ಲಿಕೇಷನ್ಸ್, ಪ್ಲೇಸಸ್, ಸಿಸ್ಟಂ ಅಂತ ಮೂರು ಮೆನು ಇರುತ್ತಿದ್ದವು. ಮೂರೂ ಮಾಯ. ಲಾಯರ್ ಸಾಹೇಬರು ಪಕ್ಕದಲ್ಲಿ ನಿಂತು ಅಫಿಡವಿಟ್ ಕೇಳುತ್ತಿದ್ದಾರೆ, ನಮ್ಮ ಹುಡುಗಿ ಪ್ರಿಂಟರ್ ಸೆಟ್ಟಿಂಗ್ ಹುಡುಕುತ್ತಿದ್ದಾಳೆ. ಹಳೇ ಮೆಷಿನ್ ಅದನ್ನು ಎಳೆಯಲಾರದೆ ರ್‍ಯಾಮ್ ಬೇರೆ ಹಾಕಿಸಿದೆ, 1,150 ರೂಪಾಯಿ. ಆಮೇಲೆ ಮಾಟೆ ಅನ್ನೋ ಡೆಸ್ಕ್‌ಟಾಪ್ ಸಿಕ್ಕಿತು. ಗ್ನೋಮ್ 2 ಅನ್ನೇ ಯಾರೋ ಪುಣ್ಯಾತ್ಮರು ಬೇರೆ ಹೆಸರಲ್ಲಿ ಉಳಿಸಿಕೊಂಡು ಬಂದಿದ್ದಾರೆ. ಅಂದಿನಿಂದ ಅದೇ. ಒಳಗೆ ಎಲ್ಲ ಹೊಸದು, ಮುಖ ಹಳೇದು. ಯೂನಿಟಿ ಮಾಡಿದವರೇ 2017ರಲ್ಲಿ ಅದನ್ನು ಕೈಬಿಟ್ಟರು, ನೆನಪಿರಲಿ.

ವಿಜಯನಗರ ಡೆವಲಪರ್:
ಎಲ್ಲರೂ ಬೈಯುತ್ತೀರಿ. ಬರೆಯುವವರು ಎಷ್ಟು ಜನ ಗೊತ್ತಾ? ಗಿಂಪ್ ನಿಂತಿದ್ದು ಜಿಟಿಕೆ 2ರ ಮೇಲೆ, ಅಂದರೆ ಮೆನು, ಬಟನ್ ಮೂಡಿಸುವ ಸಿದ್ಧ ಕೋಡಿನ ಮೇಲೆ. 2020ರ ಡಿಸೆಂಬರ್‌ನಲ್ಲಿ ಜಿಟಿಕೆ 4 ಬಂದಾಗ ಜಿಟಿಕೆ 2ಕ್ಕೆ ಬೆಂಬಲ ಮುಗಿಯಿತು. ಬೆರಳೆಣಿಕೆಯ ಜನ ಅಷ್ಟೂ ಕೋಡನ್ನು ಜಿಟಿಕೆ 3ಕ್ಕೆ ತಂದು, 2025ರ ಮಾರ್ಚ್‌ನಲ್ಲಿ 3.0 ಕೊಟ್ಟರು. ಈಗ ಫಿಲ್ಟರ್ ಹಾಕಿದ ಮೇಲೂ ಅದನ್ನು ತಿದ್ದಬಹುದು. ಬೆಲೆ ಸೊನ್ನೆ.

ನಾನೂ ಪೆಟ್ಟು ತಿಂದವನೇ. ತಂಗಿಯ ಅಂಗಡಿಗೆ 4×6 ಶೀಟಿನಲ್ಲಿ ಎಂಟು ಪಾಸ್‌ಪೋರ್ಟ್ ಫೋಟೋ ಜೋಡಿಸುವ ಸ್ಕ್ರಿಪ್ಟ್ ಬರೆದಿದ್ದೆ. ಗಿಂಪ್ 3ರಲ್ಲಿ ಸ್ಕ್ರಿಪ್ಟ್ ಕರೆಯುವ ಎಷ್ಟೋ ಪ್ರೊಸೀಜರ್‌ಗಳ (ಆಜ್ಞೆಗಳ) ಹೆಸರೇ ಬದಲಾಗಿದೆ, ಸ್ಕ್ರಿಪ್ಟ್ ನಡೆಯಲಿಲ್ಲ. ಕೂತು ಮತ್ತೆ ಬರೆದೆ. ಬೈಯಲಿಲ್ಲ. ನೆಟ್ ವೈರ್ ಕಿತ್ತು ಕೂರುವುದೂ ಒಂದು ಪರಿಹಾರವಾ?

ಕುವೆಂಪುನಗರ ಸ್ಟುಡಿಯೋ:
ನಿಮಗೆ ಕೋಡ್ ಬರುತ್ತೆ, ಬರೆದಿರಿ. ನನಗೆ ಬರಲ್ಲ. ನನ್ನ 3,170 ಸೊನ್ನೆನಾ? ಬಿಟ್ಟಿ ಕೊಟ್ಟವರು ಏನು ಮಾಡಿದರೂ ತೆಪ್ಪಗಿರಬೇಕು ಅಂದರೆ ಒಪ್ಪಲ್ಲ. ಹದಿನೈದು ವರ್ಷ ಹತ್ತಾರು ಹುಡುಗರಿಗೆ ಗಿಂಪ್ ಕಲಿಸಿದ್ದೇನೆ. ಅದೂ ದುಡಿಮೆನೇ.

ಪಾಂಡವಪುರ ಮೇಷ್ಟ್ರು:
ಎಂಎಸ್ ಆಫೀಸ್ ತರಹದ ಉಚಿತ ಲಿಬ್ರೆಆಫೀಸ್ ನೋಡಿ ಕಲಿಯಬೇಕು ಗಿಂಪ್‌ನವರು. 2017ರಲ್ಲಿ, 5.3 ಆವೃತ್ತಿಯಲ್ಲಿ, ಎಂಎಸ್ ಆಫೀಸಿನ ರಿಬ್ಬನ್ ತರಹದ ಬಟನ್ ಪಟ್ಟಿ ತಂದರು. ಆದರೆ ಯಾರ ತಲೆ ಮೇಲೂ ಹೇರಲಿಲ್ಲ. ಬೇಕಾದವರು ವ್ಯೂ ಮೆನುವಿನಲ್ಲಿ ಯೂಸರ್ ಇಂಟರ್‌ಫೇಸ್‌ಗೆ ಹೋಗಿ ಹಾಕಿಕೊಳ್ಳುತ್ತಾರೆ. ನಮ್ಮ ಲ್ಯಾಬಿನಲ್ಲಿ ಗೋಡೆಗೆ ಅಂಟಿಸಿದ ಚಾರ್ಟು ಇವತ್ತಿಗೂ ಪರದೆಗೆ ಹೊಂದುತ್ತದೆ. ಫೈರ್‌ಫಾಕ್ಸ್ ಬ್ರೌಸರ್ ಚಾರ್ಟ್ ಮಾತ್ರ, ಅದರ ಮುಖ ಬದಲಾಗಿ, 2014, 2017, 2021, ಮೂರು ಸಲ ಹರಿದು ಹಾಕಬೇಕಾಯಿತು. ಕಲರ್ ಪ್ರಿಂಟು, ಲ್ಯಾಮಿನೇಷನ್, ಎಲ್ಲ ಕೈಯಿಂದ. ಶಾಲೆ ಒಂದು ರೂಪಾಯಿ ಕೊಡಲಿಲ್ಲ.

ಸ್ಟುಡಿಯೋ ಅಣ್ಣ, 2.10ರಲ್ಲಿ ಪ್ರಿಫರೆನ್ಸಸ್‌ಗೆ ಹೋದರೆ ಬಣ್ಣದ ಐಕಾನ್ ವಾಪಸ್ ಬರುತ್ತೆ. ಟೂಲ್ ಗ್ರೂಪೂ ತೆಗೆಯಬಹುದು. ಕಂಟ್ರೋಲ್ ಎಸ್‌ಗೆ ಓವರ್‌ರೈಟ್ (ತೆರೆದ ಜೆಪೆಗ್ ಮೇಲೇ ಉಳಿಸುವ ಆಜ್ಞೆ) ಕೂರಿಸಬಹುದು.

ಕುವೆಂಪುನಗರ ಸ್ಟುಡಿಯೋ:
ಗೊತ್ತು ಮೇಷ್ಟ್ರೇ. ಹೇಳದೆ ಕೇಳದೆ ಬದಲಾಯಿಸುವುದು ಅವರು, ಹುಡುಕಿ ವಾಪಸ್ ತರಬೇಕಾದವನು ನಾನಾ?

ವಿಜಯನಗರ ಡೆವಲಪರ್:
ಡೆಬಿಯನ್ 12ಕ್ಕೆ ಎಲ್‌ಟಿಎಸ್ (ದೀರ್ಘಾವಧಿ ಭದ್ರತಾ ಅಪ್‌ಡೇಟ್) 2028ರ ಜೂನ್‌ವರೆಗೂ ಇದೆ. ಅಷ್ಟು ಕಾಲ ಹೇಳಿದ್ದು ಸಾಲದಾ? ಅಂದಹಾಗೆ ಮಂಡ್ಯ ಸರ್, ಮುಖ ಹಳೇದು ಅಂತ ಹೆಮ್ಮೆ ಪಡುತ್ತೀರಿ. ಕೋರ್ಟ್ ಕಡೆಯವರು ಮೊದಲು ಆ ಹಳೇ ನುಡಿ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರದ ಸಂಕೇತಗಳಿಗೆ ಕನ್ನಡ ಆಕಾರ ಕೂರಿಸಿದ್ದು) ಬಿಡಿ. ನಿಮ್ಮ ಫೈಲ್ ಆ ಫಾಂಟ್ ಇಲ್ಲದ ಬೇರೆ ಮೆಷಿನ್ನಿನಲ್ಲಿ ತೆರೆದರೆ ಒಂದಕ್ಷರ ಓದಲು ಆಗಲ್ಲ.

ಮಂಡ್ಯ ಕೋರ್ಟ್ ಟೈಪಿಂಗ್:
ಇಲ್ಲಿಗೆ ನುಡಿ ಯಾಕೆ ತಂದಿರಿ? ನಾನು ಎಲ್ಲ ಮೆಷಿನ್ನಿನಲ್ಲೂ ಓದಲಾಗುವ ಯೂನಿಕೋಡ್‌ಗೆ ಬಂದು ಎಷ್ಟೋ ಕಾಲವಾಯಿತು. ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಲು ಬಳಸುವ ಐಬಸ್‌ನಲ್ಲಿ ಎಂ17ಎನ್ (ಹಲವು ಭಾಷೆಗಳ ಕೀಬೋರ್ಡ್ ಕಟ್ಟು) ಹಾಕಿ, ಕೆಜಿಪಿ ಕೀಬೋರ್ಡ್ ಆರಿಸಿದ್ದೇನೆ. ನುಡಿಯ ಕೀಲಿಮಣೆನೇ, ಒಂದು ಕೀನೂ ಆಚೀಚೆ ಆಗಿಲ್ಲ, ಅದಕ್ಕೇ ಬಂದೆ. ಹಳೇ ದಾವೆ ಕಾಗದಗಳನ್ನು ಪರಿವರ್ತನೆ ಮಾಡಿದಾಗ ಅರ್ಕಾವತ್ತು ಜಾಗ ತಪ್ಪಿ ಪಕ್ಕದ ಅಕ್ಷರಕ್ಕೆ ಹೋಗಿ ಕೂತಿತ್ತು. ಸಾಲು ಸಾಲು ಕಣ್ಣಲ್ಲೇ ತಿದ್ದಿದ್ದೇನೆ. ಕಕ್ಷಿದಾರರ ಹೆಸರು ತಪ್ಪಿದರೆ ನಿಮ್ಮ ತಂಗಿ ಅಂಗಡಿ ಫೋಟೋ ತರಹ ಮತ್ತೆ ಪ್ರಿಂಟ್ ಹಾಕಿ ಕೊಡುವ ಹಾಗಿಲ್ಲ.

ವಿಜಯನಗರ ಡೆವಲಪರ್:
ತಂಗಿ ಅಂಗಡಿ ವಿಷಯ ನಿಮಗೆ ಬೇಡ.

ಪಾಂಡವಪುರ ಮೇಷ್ಟ್ರು:
ಮಂಡ್ಯದವರೇ, ಆ ಪರಿವರ್ತನೆಗೆ ಯಾವುದು ಬಳಸಿದಿರಿ? ನಮ್ಮ ಶಾಲೆಯ ಹಳೇ ಪ್ರಶ್ನೆಪತ್ರಿಕೆ ಎಲ್ಲ ನುಡಿಯಲ್ಲೇ ಇವೆ.