ಪದಚರ್ಚೆ: ಇಂಕು ‘ಊರುವುದು’ – ನಿಮ್ಮ ಕಡೆ ಏನಂತಾರೆ?

ಮಡಿಕೇರಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಬೇಸಿಗೆ ರಜೆ ಬಂದರೆ ಹತ್ತು ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಇಂಕ್ ಪೆನ್ನಿನಲ್ಲಿ ಚಿತ್ರ ಬರೆಸುವುದು ನನ್ನ ಹವ್ಯಾಸ. ಅಕ್ಷರಕ್ಕೂ ‘ಬರೆ’, ಚಿತ್ರಕ್ಕೂ ‘ಬರೆ’ ಅನ್ನುವ ಭಾಷೆ ನಮ್ಮದು. ಆದರೂ ‘ಬರೆಯೋ ಪೆನ್ನಲ್ಲಿ ಎಂಥ ಚಿತ್ರ?’ ಅಂತ ಕೇಳುವವರು ಇದ್ದೇ ಇದ್ದಾರೆ. ಈ ಸಲ ಮಕ್ಕಳ ಕೈಗೆ ಕೊಡಲು ಎರಡು ಪುಟದ ಕನ್ನಡ ಟಿಪ್ಪಣಿ ಬರೆಯೋಣ ಎಂದು ಕೂತೆ. ಅರ್ಧ ಪುಟಕ್ಕೇ ಪೆನ್ನು ನಿಂತಿತು. ಇಂಕು ಮುಗಿದಿರಲಿಲ್ಲ, ಪದ ಮುಗಿದಿತ್ತು.

ಪೆನ್ನಿನ ಭಾಗಗಳ ಮಟ್ಟಿಗೆ ಕಷ್ಟವಿಲ್ಲ. ನಿಬ್ಬು ನಿಬ್ಬೇ. ಅದರ ಅಡಿಯಲ್ಲಿ ಗೀರುಗೀರಾಗಿರುವ ಕಪ್ಪು ತುಂಡನ್ನು ನಾವು ಶಾಲೆಯಲ್ಲಿ ‘ನಾಲಿಗೆ’ ಅನ್ನುತ್ತಿದ್ದೆವು, ಅದಕ್ಕಿಂತ ಒಳ್ಳೆಯ ಹೆಸರು ಬೇಡ. ಇಂಕು ಜಾಸ್ತಿಯಾದರೆ ಪೆನ್ನು ‘ಕಕ್ಕುತ್ತದೆ’. ಬರೆಯದಿದ್ದರೆ ‘ಕೊಡವುತ್ತೇವೆ’. (ಕೊಡಗಿನಲ್ಲಿ ಈ ಕ್ರಿಯಾಪದ ಹೇಳಿದರೆ ಯಾರಾದರೂ ಒಬ್ಬರು ನಕ್ಕೇ ನಗುತ್ತಾರೆ. ಎದುರು ಕೂತವನ ಬಿಳಿ ಅಂಗಿಗೆ ಚುಕ್ಕಿ ಬಿದ್ದಾಗ ಮಾತ್ರ ನಗುವವರಿಲ್ಲ.)

ತೊಡಕಿರುವುದು ಇಂಕು ಕಾಗದ ಮುಟ್ಟಿದ ಮೇಲೆ. ಕೆಟ್ಟ ಕಾಗದದಲ್ಲಿ ಗೆರೆಯ ಅಂಚಿನಿಂದ ಸಣ್ಣಸಣ್ಣ ಕವಲು ಹೊರಟು ನಾರಿನ ಗುಂಟ ಓಡುತ್ತವೆ. ಇನ್ನೊಂದು ಕಾಗದದಲ್ಲಿ ಅಂಚು ಚೊಕ್ಕಟವಾಗಿರುತ್ತದೆ, ಹಾಳೆ ತಿರುವಿದರೆ ಬೆನ್ನ ತುಂಬ ಚುಕ್ಕಿ. ಮತ್ತೊಂದರಲ್ಲಿ ಇಂಕು ಆಚೆ ದಾಟಿರುವುದಿಲ್ಲ, ಬರಹ ಮಾತ್ರ ಹಿಂಬದಿಯಿಂದ ಮಸುಕಾಗಿ ಕಾಣುತ್ತದೆ. ಪೆನ್ನಿನ ಹುಚ್ಚಿನವರು ಇವನ್ನು ಫೆದರಿಂಗ್, ಬ್ಲೀಡಿಂಗ್, ಘೋಸ್ಟಿಂಗ್ ಅನ್ನುತ್ತಾರೆ. ಗರಿ, ರಕ್ತ, ದೆವ್ವ ಎಂದು ಅನುವಾದಿಸಿ ಮಕ್ಕಳ ಕೈಗೆ ಕೊಟ್ಟರೆ ರಾತ್ರಿ ಅವರ ಮನೆಯವರಿಗೆ ನಿದ್ದೆ ಇರುವುದಿಲ್ಲ.

ಆಗ ನೆನಪಾದದ್ದು ಅಪ್ಪನ ಮಾತು. ಅಪ್ಪ ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. (ತೋಟದ ಗುಮಾಸ್ತರಿಗೆ ನಮ್ಮಲ್ಲಿ ರೈಟರ್ ಅಂತಲೇ ಹೆಸರು, ಕತೆ ಕಾದಂಬರಿ ಬರೆಯದಿದ್ದರೂ.) ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕ ಹೊಸದು ಬಂದಾಗ ಕೊನೆಯ ಹಾಳೆಯ ಮೂಲೆಯಲ್ಲಿ ಒಂದು ಗೆರೆ ಎಳೆದು, ಹಾಳೆ ಮಗುಚಿ, ಬೆರಳಲ್ಲಿ ಸವರಿ ನೋಡುತ್ತಿದ್ದರು. ‘ಇದು ಬೇಡ, ಇಂಕು ಊರ್ತದೆ.’ ಅಷ್ಟೇ ತೀರ್ಪು. ಪುಸ್ತಕ ವಾಪಸ್.

ಬಾವಿಯಲ್ಲಿ ನೀರು ಊರುತ್ತದೆ. ಹುಣಸೆಹಣ್ಣು ಕಂಡರೆ ಬಾಯಲ್ಲಿ ನೀರೂರುತ್ತದೆ. ಭರಣಿಯಲ್ಲಿ ಮಾವಿನ ಮಿಡಿ ಉಪ್ಪಿನಲ್ಲಿ ಊರುತ್ತದೆ. ಗಮನಿಸಿ: ಮೊದಲೆರಡರಲ್ಲಿ ಒಳಗಿನದು ಮೆಲ್ಲಗೆ ಹೊರಗೆ ಬರುತ್ತದೆ, ಮೂರನೆಯದರಲ್ಲಿ ಹೊರಗಿನದು ಮೆಲ್ಲಗೆ ಒಳಕ್ಕೆ ಹೋಗುತ್ತದೆ. ಕಾಗದದ ಇಂಕು ಎರಡನ್ನೂ ಒಟ್ಟಿಗೇ ಮಾಡುತ್ತದೆ, ಈ ಕಡೆಯಿಂದ ಒಳಹೋಗಿ ಆ ಕಡೆ ಹೊರಬರುತ್ತದೆ. ಇಷ್ಟು ಸರಿಯಾಗಿ ಕೂರುವ ಕ್ರಿಯಾಪದ ಬೇರೆ ಕಾಣೆ. ಹಳಗನ್ನಡದಲ್ಲಿ ಇದಕ್ಕೆ ಶಕಟರೇಫ, ಅಂದರೆ ಱ ಎಂಬ ಇನ್ನೊಂದು ಬಗೆಯ ‘ರ’: ‘ಊಱು’. ನಾವು ವಾಸಿಸುವ ಊರಿಗೆ ಸಾದಾ ರೇಫ. ಱ ಬಳಕೆ ತಪ್ಪಿದ ಮೇಲೆ ಕಿವಿಗೂ ಕಣ್ಣಿಗೂ ಎರಡೂ ಒಂದೇ ಆದವು.

ನನ್ನ ಅನುಮಾನ ಇಷ್ಟು. ತಮಿಳಿನಲ್ಲೂ ಈ ಕ್ರಿಯಾಪದ ಇದೆ, ತೋಟದ ಆಳುಗಳ ಲೈನ್ ಮನೆಗಳಲ್ಲಿ ತಮಿಳು ಮಾತು ದಿನವೂ ಕೇಳುತ್ತಿತ್ತು. ಇಂಕಿಗೆ ‘ಊರು’ ಅನ್ನುವುದು ಅಪ್ಪನ ಬಾಯಿಗೆ ಅಲ್ಲಿಂದ ಹತ್ತಿದ್ದೋ, ಅಥವಾ ಕನ್ನಡ ಶಾಲೆಗಳಲ್ಲೂ ಇದ್ದ ಮಾತೋ? ನನ್ನ ಮೈಸೂರಿನ ಗೆಳೆಯ ‘ಇಂಕು ಹರಡುತ್ತೆ’ ಅಂತಷ್ಟೇ ಹೇಳುತ್ತಾನೆ. ‘ಹೀರು’ ಎಂದರೆ ಗಮನ ಕಾಗದದ ಕಡೆಗೆ ಹೋಯಿತು. ‘ಇಂಗು’ ಎಂದರೆ ಮಳೆನೀರು ಮಣ್ಣಿಗೆ ಇಳಿದು ಕಣ್ಮರೆಯಾದ ಹಾಗೆ, ಹಿಂಬದಿಯಲ್ಲಿ ಮತ್ತೆ ಹಾಜರಾಗುವ ಇಂಕಿಗೆ ಅದು ಹೊಂದದು.

ಹಾಗಾಗಿ ಬೆನ್ನಿಗೆ ದಾಟುವುದಕ್ಕೆ ‘ಊರು’ ಇಟ್ಟುಕೊಂಡೆ. ಅಂಚಿನಲ್ಲಿ ಕವಲೊಡೆಯುವುದಕ್ಕೆ ನಾನು ‘ಹಬ್ಬು’ ಎಂದು ಬರೆದಿದ್ದೆ, ಬಳ್ಳಿ ಹಬ್ಬುವ ಹಾಗೆ. ಒಬ್ಬಳು ಹುಡುಗಿ ಭೂತಗನ್ನಡಿ ಹಿಡಿದು ನೋಡಿ ‘ಬೇರು ಬಿಟ್ಟಿದೆ’ ಅಂದಳು. ಸಿಲ್ವರ್ ಓಕ್ ಮರ ಕಚ್ಚಿಕೊಂಡ ಮೆಣಸಿನ ಬಳ್ಳಿಯ ಬೇರನ್ನು ದಿನಾ ನೋಡುವ ಮಗು. ನನ್ನ ಪದ ಹೊಡೆದುಹಾಕಿ ಅವಳದ್ದನ್ನು ಬರೆದೆ. ಹಿಂಬದಿಯಿಂದ ಮಸುಕಾಗಿ ಕಾಣುವುದು ‘ನೆರಳು’, ಇದರಲ್ಲಿ ಹೆಚ್ಚು ಚರ್ಚೆಗೆ ಜಾಗವಿಲ್ಲ.

ಬೇರು ಬಿಡದಿರುವುದಕ್ಕೆ ಕಾರಣ ಕಾಗದಕ್ಕೆ ಕೊಟ್ಟ ಪಿಷ್ಟವೋ ಜೆಲಟಿನ್ನೋ. ಕಾಟನ್ ಸೀರೆಗೆ ಗಂಜಿ ಹಾಕುವ ಕೆಲಸವೇ ಇದು, ಆದ್ದರಿಂದ ‘ಗಂಜಿ ಹಾಕಿದ ಕಾಗದ’ ಎಂದೇ ಬರೆದೆ. ಗಂಜಿಯೇ ಇಲ್ಲದಿದ್ದರೆ ಅದು ಬ್ಲಾಟಿಂಗ್ ಪೇಪರ್. ನಮ್ಮಲ್ಲಿ ಮಾರ್ಚಿಯಲ್ಲಿ ಗೆರೆ ಕೂದಲಿನಂತೆ ನಿಲ್ಲುವ ಅದೇ ಪುಸ್ತಕ ಜುಲೈಯಲ್ಲಿ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗಿ ಬೇರು ಬಿಡಲು ಶುರುಮಾಡುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ನೋಡಿದ್ದೇನೆ. ಹಾಳೆ ಗರಿಗರಿಯಾಯಿತು, ಹೊಗೆಯ ಬಣ್ಣವೂ ಬಂತು.

ಇನ್ನು ಬಣ್ಣದ ಇಂಕುಗಳ ವಿಷಯ. ಕೆಲವು ಕಪ್ಪು ಇಂಕುಗಳು ಅಸಲಿಗೆ ನಾಲ್ಕಾರು ಬಣ್ಣಗಳ ಬೆರಕೆ. ಗೆರೆಯ ಮೇಲೆ ಒದ್ದೆ ಕುಂಚ ಆಡಿಸಿದರೆ ಒಂದೊಂದು ಬಣ್ಣ ಒಂದೊಂದು ದೂರ ಓಡಿ, ಕಪ್ಪಿನ ಹೊಟ್ಟೆಯಿಂದ ನೀಲಿ, ಗುಲಾಬಿ, ಹಳದಿ ಹೊರಗೆ ಬರುತ್ತವೆ. ಮಂಜಿನ ಹಿಂದಿನ ಬೆಟ್ಟ ಬರೆಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಇದಕ್ಕೆ ಕ್ರಿಯಾಪದ? ‘ಬಣ್ಣ ಬಿಡು’ ಎಂದರೆ ಅಗ್ಗದ ಬಟ್ಟೆಯ ದೂರು. ‘ಒಡೆ’ ಎಂದರೆ ಹಾಲು ಕೆಟ್ಟಿತು. ‘ಬಣ್ಣ ಬಯಲಾಯಿತು’ ಅಂದರೆ ಯಾರೋ ಸಿಕ್ಕಿಬಿದ್ದರು! ಸದ್ಯ ‘ಬಿಚ್ಚಿಕೊಳ್ಳು’ ಎಂದು ಬರೆದಿದ್ದೇನೆ, ಪೂರ್ತಿ ಸಮಾಧಾನವಿಲ್ಲ.

ನೀಲಿ ಇಂಕು ದಟ್ಟವಾಗಿ ಒಣಗಿದಾಗ, ಹಾಳೆ ಓರೆ ಮಾಡಿದರೆ ತಾಮ್ರದಂಥ ಕೆಂಪು ಕಾಣುವುದುಂಟು. ಬಣ್ಣ ಕಾಗದದೊಳಗೆ ಇಳಿಯದೆ ಮೇಲೇ ಕೆನೆಗಟ್ಟಿದಾಗ ಹೀಗಾಗುತ್ತದೆ. ಮಳೆಗಾಲದಲ್ಲಿ ಈ ಕೆನೆ ವಾರ ಕಳೆದರೂ ಬೆರಳಿಗೆ ಅಂಟುತ್ತದೆ. ಇದನ್ನು ಶೀನ್ ಅನ್ನುತ್ತಾರೆ. ಬರೀ ‘ಹೊಳಪು’ ಎಂದರೆ ಬಣ್ಣ ಬದಲಾಗುವ ಸಂಗತಿಯೇ ಬಿಟ್ಟುಹೋಯಿತು. ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ, ಹಾಳೆಯನ್ನು ಸೀರೆ ಸೆರಗಿನ ಹಾಗೆ ಬೆಳಕಿಗೆ ಹೊರಳಿಸಿ, ‘ಹಾಸು ನೀಲಿ, ಹೊಕ್ಕು ಕೆಂಪು’ ಅಂದರು. ಎರಡು ಬಣ್ಣದ ನೂಲಿನಲ್ಲಿ ನೇಯ್ದ ರೇಷ್ಮೆಗೆ ಹೇಳುವ ಮಾತು. ಅದರಿಂದ ಒಂದು ಚಿಕ್ಕ ಪದ ಕಡೆಯಲು ಆಗುತ್ತದೆಯೇ? ‘ನವಿಲುಗೊರಳು’ ನನ್ನ ಮನಸ್ಸಿನಲ್ಲಿದೆ, ಆದರೆ ಅದು ಒಂದೇ ಜೋಡಿ ಬಣ್ಣಕ್ಕೆ ಸಿಕ್ಕಿಕೊಂಡ ಹೆಸರು. ಅಭ್ರಕದ ಪುಡಿ ಬೆರೆಸಿದ ಮಿನುಗುವ ಇಂಕು ಬೇರೆ, ಅದಕ್ಕೆ ‘ಕಾಗೆಬಂಗಾರದ ಇಂಕು’ ಎಂದಾಗ ಮಕ್ಕಳು ಎರಡನೇ ಸಲ ಕೇಳಲಿಲ್ಲ.

ಕೊನೆಯದು ಇಂಕು ಅನ್ನುವ ಪದವೇ. ‘ಮಸಿ’ ಎಂದರೆ ಪಾತ್ರೆಯ ತಳ, ಇಲ್ಲವೇ ಮುಖಕ್ಕೆ ಬಳಿಯುವುದು. ‘ಶಾಯಿ’ ಪಾರಸಿಯ ಕಪ್ಪಿನಿಂದ ಬಂದದ್ದು, ಹಾಗಾಗಿ ‘ಕೆಂಪು ಶಾಯಿ’ ಎಂದರೆ ಮೂಲದಲ್ಲಿ ಕೆಂಪು ಕಪ್ಪು. ನಮ್ಮ ಊರಲ್ಲಿ ಶಾಯಿ ಎಂದರೆ ಜನ ಎಡಗೈ ತೋರುಬೆರಳು ನೋಡಿಕೊಳ್ಳುತ್ತಾರೆ. 1962ರ ಚುನಾವಣೆಯಿಂದ ಮೈಸೂರಿನ ಕಾರ್ಖಾನೆ ಮಾಡಿಕೊಡುತ್ತಿರುವ ಆ ಶಾಯಿಯೇ ಪದವನ್ನು ಹಿಡಿದುಕೊಂಡುಬಿಟ್ಟಿದೆ. ಕಳೆದ ಸಲ ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ ಮೊದಲ ವಾರ, ಪಾಯಸಕ್ಕೆ ಬೇಯಿಸಿದ ಮದ್ದ್ ತೊಪ್ಪಿನ ನೀರು (ಮದ್ದಿನ ಸೊಪ್ಪು; ನಮ್ಮ ಸೊಪ್ಪು ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ತೊಪ್ಪು) ಒಂದು ಲೋಟ ಎತ್ತಿಟ್ಟು, ಅದ್ದುವ ನಿಬ್ಬಿನಲ್ಲಿ ಒಂದು ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಚಿತ್ರ ಬರೆದೆ. ಕಡು ನೇರಳೆ, ಚೆಂದ ಬಂತು. (ಇಂಕ್ ಪೆನ್ನಿಗೆ ತುಂಬಬೇಡಿ, ಗಷ್ಟು ನಾಲಿಗೆಯಲ್ಲಿ ಕಟ್ಟಿಕೊಂಡು ಬೂಸ್ಟು ಬರುತ್ತದೆ.) ಅದನ್ನು ಶಾಯಿ ಅನ್ನಲು ನನಗೆ ಬಾಯಿ ಬರಲಿಲ್ಲ, ಮಸಿ ಅನ್ನಲು ಮನಸ್ಸು ಬರಲಿಲ್ಲ. ‘ಇಂಕು’ ಎಂದೇ ಬರೆದಿದ್ದೇನೆ.

ಕಿಟ್ಟೆಲ್ ಅವರೂ ಕೆಲಕಾಲ ಮಡಿಕೇರಿಯಲ್ಲಿ ಇದ್ದವರು. 1894ರ ಅವರ ನಿಘಂಟು ಕೈಗೆಟಕುವಲ್ಲಿ ಇರುವವರು ‘ಊಱು’ ಇರುವ ಪುಟ ತೆಗೆದು, ಕಾಗದದ ಅಥವಾ ಓಲೆಯ ಮಾತು ಅಲ್ಲಿದೆಯೇ ನೋಡಿ ಹೇಳುತ್ತೀರಾ? ಸೋಮವಾರಪೇಟೆ, ಹಾಸನ, ದಕ್ಷಿಣ ಕನ್ನಡದ ಕಡೆ ಇಂಕು ‘ಊರುವುದನ್ನು’ ಕೇಳಿದವರು ಇದ್ದರೆ ಯಾರ ಬಾಯಲ್ಲಿ, ಯಾವ ಕಾಗದದ ಬಗ್ಗೆ ಅಂತಲೂ ತಿಳಿಸಿ. ನಮ್ಮ ಕಡೆಯ ಇನ್ನೊಂದು ನುಡಿಯಾದ ಅರೆಭಾಷೆ ಮಾತಾಡುವವರ ಮನೆಯಲ್ಲಿ ಏನಂತಾರೆ ಎಂಬುದೂ ಬೇಕಾಗಿದೆ.