ಪದಚರ್ಚೆ: ಮೋಟಾರ್ 'ನಿಲ್ಲಿಸು' ಅಂದರೆ ಏನು ಮಾಡಬೇಕು?

ಪ್ರಶ್ನೆ: ನಾಲ್ಕು ಚಕ್ರದ ರೋಬೋ, ಚಕ್ರಕ್ಕೊಂದು ಗೇರ್ ಮೋಟಾರ್. ಬ್ಯಾಟರಿ ಹೆಚ್ಚು ಹೊತ್ತು ಬರಲು ಟಾರ್ಕನ್ನು (ಮೋಟಾರ್ ಚಕ್ರವನ್ನು ತಿರುಗಿಸುವ ಒತ್ತು) ಹೇಗೆ ಹಂಚಬೇಕೆಂದು ಹೇಳುವ ಕೈಪಿಡಿಯಲ್ಲಿ ಮೂರು ಕಡೆ ತೊಡಕು. ಟಾರ್ಕ್‌ಗೆ 'ತಿರುಚುಬಲ' ಸರಿಯೇ? ಮೋಟಾರುಗಳ ನಡುವೆ ನಡೆಯುವುದು 'ವಿತರಣೆ'ಯೋ 'ಹಂಚಿಕೆ'ಯೋ? "ಹೊರೆ ಕಡಿಮೆಯಿದ್ದಾಗ ಹಿಂದಿನ ಎರಡು ಮೋಟಾರ್ ನಿಲ್ಲಿಸಿ" ಎಂಬ ಸಾಲು ಸಾಕೇ? ಹಾಗೆ ಮಾಡಿದರೆ ಗಾಡಿ ಮುಗ್ಗರಿಸುತ್ತದೆ, ಮುಂದಿನ ಮೋಟಾರುಗಳು ಬಿಸಿಯಾಗುತ್ತವೆ.

ಉತ್ತರ: ಒದ್ದೆ ಬಟ್ಟೆಯನ್ನು ತಿರುಚಿ ಹಿಂಡುತ್ತೇವೆ, ಚಕ್ರವನ್ನು ತಿರುಗಿಸುತ್ತೇವೆ. 'ತಿರುಚು' ಶಾಫ್ಟ್‌ನೊಳಗಿನ ಟಾರ್ಶನ್‌ಗೆ, ಅಂದರೆ ಶಾಫ್ಟೇ ಬಟ್ಟೆಯಂತೆ ತಿರುಚಿಕೊಳ್ಳುವುದಕ್ಕೆ ಇರಲಿ. 'ತಿರುಗುಬಲ' ವಾಸಿ, ಆದರೆ 'ಬಲ' ಅನ್ನುವುದೇ ದಾರಿ ತಪ್ಪಿಸುತ್ತದೆ. ಚಕ್ರದಲ್ಲಿ 0.5 ನ್ಯೂಟನ್ ಮೀಟರ್, ತ್ರಿಜ್ಯ 5 ಸೆಂ.ಮೀ. ಇದ್ದರೆ ನೆಲವನ್ನು ತಳ್ಳುವ ಬಲ 10 ನ್ಯೂಟನ್. ಈ ಭಾಗಾಕಾರ ಮರೆಯುವವರೇ ಜಾಸ್ತಿ. ಟಾರ್ಕ್ ಎಂದೇ ಬರೆಯಿರಿ, ವರ್ಕ್‌ಶಾಪಿನಲ್ಲೂ ಅದೇ ಮಾತು.

ಬಹುಮಾನ, ಪಠ್ಯಪುಸ್ತಕ ಇವೆಲ್ಲ ವಿತರಣೆ. ಸೀಟು, ಖಾತೆ, ನದಿನೀರು ಹಂಚಿಕೆ. ಒಟ್ಟು ಮೊತ್ತ ಗೊತ್ತಿದ್ದು, ಒಬ್ಬರಿಗೆ ಹೆಚ್ಚಾದರೆ ಇನ್ನೊಬ್ಬರಿಗೆ ಕಡಿಮೆಯಾಗುವ ಕಡೆ ನಾವು ಹಂಚಿಕೆ ಅನ್ನುತ್ತೇವೆ. ಇಲ್ಲಿ ಆಗುವುದೂ ಅದೇ. ಮೋಟಾರಿನ ಕರೆಂಟು ಟಾರ್ಕ್‌ಗೆ ತಕ್ಕಂತೆ ಏರುತ್ತದೆ, ತಂತಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ. ಆಂಪಿಯರಿಗೆ 0.05 ನ್ಯೂಟನ್ ಮೀಟರ್ ಕೊಡುವ, 0.5 ಓಮ್ ರೋಧದ ಮೋಟಾರ್ ಅಂದುಕೊಳ್ಳಿ. ಬೇಕಾದದ್ದು ಒಟ್ಟು 0.4 ನ್ಯೂಟನ್ ಮೀಟರ್. ನಾಲ್ಕೂ ಸಮನಾಗಿ ಹೊತ್ತರೆ ತಲಾ 2 ಆಂಪಿಯರ್, ಒಟ್ಟು ನಷ್ಟ 8 ವ್ಯಾಟ್. ಎರಡೇ ಹೊತ್ತರೆ ತಲಾ 4 ಆಂಪಿಯರ್, ನಷ್ಟ 16 ವ್ಯಾಟ್. ಬೇಕಾದದ್ದು ಬರೀ 0.08 ಆದರೆ ಅದೇ ಲೆಕ್ಕ 0.32, 0.64 ವ್ಯಾಟ್. ಸುಮ್ಮನಿರುವ ಎರಡು ಡ್ರೈವರುಗಳನ್ನು (ಮೋಟಾರಿಗೆ ಕರೆಂಟು ಕೊಡುವ ಚಿಪ್‌ಗಳು) ಆಫ್ ಮಾಡಿ ಉಳಿಯುವುದು 0.32 ವ್ಯಾಟ್‌ಗಿಂತ ಹೆಚ್ಚಿದ್ದರೆ ಮಾತ್ರ ಕೈಪಿಡಿಯ ಸಲಹೆಗೆ ಬೆಲೆ.

ಏರಿನಲ್ಲಿ ಸಮಪಾಲು ಕೈಕೊಡುತ್ತದೆ. ಮುಂದಿನ ಹಿಂದಿನ ಚಕ್ರಗಳ ಅಂತರ 40 ಸೆಂ.ಮೀ., ಗುರುತ್ವ ಕೇಂದ್ರ ಅವುಗಳ ನಟ್ಟನಡುವೆ 12 ಸೆಂ.ಮೀ. ಎತ್ತರದಲ್ಲಿದ್ದರೆ, 15 ಡಿಗ್ರಿ ಏರಿನಲ್ಲಿ ಹಿಂದಿನ ಚಕ್ರಗಳ ಮೇಲೆ ಭಾರದ ನೂರಕ್ಕೆ 58 ಪಾಲು, ಮುಂದೆ 42. ಸಡಿಲ ಮಣ್ಣಾದರೆ ಟಾರ್ಕೂ ಆ ಅಳತೆಯಲ್ಲೇ ಹೋಗಲಿ. ಇಲ್ಲದಿದ್ದರೆ ಮುಂದಿನ ಚಕ್ರ ಇದ್ದಲ್ಲೇ ಗಿರಗಿರ ಸುತ್ತುತ್ತದೆ. ಇದನ್ನು 'ಜಾರು' ಎನ್ನಬೇಡಿ. ಬ್ರೇಕ್ ಹಾಕಿದಾಗ ಜಾರುವುದೇ ಬೇರೆ.

ಇನ್ನು 'ನಿಲ್ಲಿಸು'. ಕೈಗೆ ಸುಲಭವಾಗಿ ಸಿಗುವ ಎಲ್298ಎನ್ ಡ್ರೈವರ್ ಚಿಪ್ ನೋಡಿ (4 ಆಂಪಿಯರ್ ಅದರ ಕೈಲಾಗದು, ಚಾನೆಲ್ಲಿಗೆ 2 ಆಂಪಿಯರೇ ಮಿತಿ; ಇಲ್ಲಿ ಪದಕ್ಕಾಗಿ ಮಾತ್ರ). ಎನೇಬಲ್ ಪಿನ್ (ಚಾನೆಲ್ಲನ್ನು ಚಾಲೂ ಮಾಡುವ ಕಾಲು) ಹೈ ಇಟ್ಟು ಎರಡೂ ಇನ್‌ಪುಟ್ ಒಂದೇ ಮಾಡಿದರೆ ಮೋಟಾರಿನ ಎರಡು ತುದಿ ಶಾರ್ಟ್ ಆಗುತ್ತವೆ, ತಿರುಗುವ ಚಕ್ರವೇ ಜನರೇಟರಾಗಿ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ. ಎನೇಬಲ್ ಲೋ ಆದರೆ ಚಕ್ರ ತನ್ನಷ್ಟಕ್ಕೆ ಉರುಳುತ್ತದೆ. ಎರಡಕ್ಕೂ ನಾವು 'ನಿಲ್ಲಿಸು' ಅಂದುಬಿಡುತ್ತೇವೆ. ನಿಮ್ಮ ಗಾಡಿ ಮುಗ್ಗರಿಸಿದ್ದು ಬಹುತೇಕ ಇದರಿಂದಲೇ. ಮೊದಲನೆಯದು 'ತಡೆ', ಎರಡನೆಯದು 'ಸಡಿಲ ಬಿಡು' ಆಗಲಿ. ಆಟೋದವರ 'ನ್ಯೂಟ್ರಲ್' ನಾಲಿಗೆಗೆ ಬರುತ್ತದೆ, ಆದರೆ ನ್ಯೂಟ್ರಲ್‌ನಲ್ಲಿ ಇಂಜಿನ್ ಚಕ್ರದಿಂದ ಬೇರೆಯಾಗುತ್ತದೆ. ಇಲ್ಲಿ ಮೋಟಾರೂ ಗೇರೂ ಚಕ್ರದ ಜೊತೆಗೇ ಸುತ್ತುತ್ತಿರುತ್ತವೆ, ಅವುಗಳ ತಿಕ್ಕಾಟವನ್ನು ಮುಂದಿನ ಜೋಡಿಯೇ ಹೊರಬೇಕು.

ಕೇಳದಿದ್ದರೂ ಒಂದು ಪದ ಸೇರಿಸಿ: 'ಜಗ್ಗಾಟ'. ಪ್ರತಿ ಚಕ್ರಕ್ಕೂ ಪ್ರತ್ಯೇಕ ವೇಗ ನಿಯಂತ್ರಣ ಇಟ್ಟರೆ, ಟೈರ್ ಸವೆದು ವ್ಯಾಸ ಒಂದಿಷ್ಟು ಬದಲಾದರೂ ಒಂದೇ ಬದಿಯ ಎರಡು ಚಕ್ರಗಳಲ್ಲಿ ಒಂದು ಎಳೆದು ಇನ್ನೊಂದು ತಡೆಯುತ್ತದೆ. ಮಂಗಳನ ಕ್ಯೂರಿಯಾಸಿಟಿ ರೋವರ್‌ಗೆ 2017ರಲ್ಲಿ ಕಳಿಸಿದ ತಂತ್ರಾಂಶ ಚಕ್ರಗಳ ಇಂಥ ಜಗ್ಗಾಟವನ್ನೇ ತಗ್ಗಿಸುವಂಥದು. ಅಲ್ಲಿ ಕಾಳಜಿ ಬ್ಯಾಟರಿಯದಲ್ಲ, ಚಕ್ರ ಹರಿಯುವುದರದು. ನಿಮ್ಮ ರೋಬೋದಲ್ಲಿ ಬದಿಗೊಂದೇ ವೇಗ ನಿಯಂತ್ರಣ ಇಟ್ಟು, ಅದು ಕೇಳುವ ಟಾರ್ಕನ್ನು ಆ ಬದಿಯ ಎರಡು ಮೋಟಾರುಗಳಿಗೆ ಹಂಚಿ. ಸಮತಟ್ಟು ನೆಲದಲ್ಲಿ ನೇರ ಓಡಿಸುವಾಗ ಎರಡರ ಕರೆಂಟೂ ಒಂದೇ ಚಿಹ್ನೆ ತೋರಿಸಿದರೆ ಜಗ್ಗಾಟ ಇಲ್ಲವೆಂದು ತಿಳಿಯಿರಿ.