ನಾಸ್ತಿಕ ಅನ್ನೋದು ಈಗ ಅಂಕಲ್‌ಗಳ ಫ್ಯಾಶನ್ ಆಗೋಯ್ತಾ?

ಹಳೇ_ವಾದಿ:
2010ರ ಸುಮಾರಿಗೆ ನಾವು ಕಾಲೇಜಲ್ಲಿದ್ದಾಗ ನಾನು ನಾಸ್ತಿಕ ಅಂತ ಹೇಳ್ಕೊಳ್ಳೋದೇ ಒಂದು ಗತ್ತು ಕಣ್ರೀ, ದೇವ್ರಿಲ್ಲ ಅಂತ ವಾದ ಮಾಡ್ತಿದ್ದ ಲೇಖಕರು ಡಾಕಿನ್ಸ್, ಹಿಚೆನ್ಸ್ ಅವ್ರ ಡಿಬೇಟ್ ವಿಡಿಯೋಗಳನ್ನ ರಾತ್ರಿಯೆಲ್ಲಾ ನೋಡಿ ಬೆಳಗ್ಗೆ ಯಾರಾದ್ರೂ ಆಸ್ತಿಕರು ಸಿಕ್ತಾರಾ ಅಂತ ಕಾಯ್ತಿದ್ವಿ. ಈಗ ನನ್ನ ಅಕ್ಕನ ಮಗನಿಗೆ 19. ದೇವ್ರನ್ನ ನಂಬಲ್ಲ. ಹಾಗಾದ್ರೆ ನಾಸ್ತಿಕನಾ ಅಂದ್ರೆ "ಅಯ್ಯೋ ಮಾಮ, ಅದೆಲ್ಲಾ ಅಂಕಲ್‌ಗಳ ಕೆಲ್ಸ" ಅಂತಾನೆ! ಏನಾಯ್ತು ಈ ಹುಡುಗ್ರಿಗೆ?

ಲೆಕ್ಕದ_ಮನುಷ್ಯ:
ನಂಬದೇ ಇರೋದು ಬೇರೆ, ಆ ಹಣೆಪಟ್ಟಿ ಅಂಟಿಸ್ಕೊಳ್ಳೋದು ಬೇರೆ ಸರ್. ಅಮೆರಿಕದಲ್ಲಿ ಪ್ಯೂ ರಿಸರ್ಚ್ ಅನ್ನೋ ಸಮೀಕ್ಷಾ ಸಂಸ್ಥೆಯವ್ರು 2023-24ರಲ್ಲಿ ಮಾಡಿದ ಸರ್ವೇ ನೋಡಿ, ಯಾವ ಧರ್ಮಕ್ಕೂ ಸೇರಿಲ್ಲ ಅಂದೋರು ಶೇ. 29, ಆದ್ರೆ ನಾನು ನಾಸ್ತಿಕ ಅಂದೋರು ಬರೀ ಶೇ. 5. "ನಿರ್ದಿಷ್ಟವಾಗಿ ಏನೂ ಇಲ್ಲ" ಅಂದೋರೇ ಶೇ. 19. ನಿಮ್ಮ ಹುಡುಗ ಆ ಗುಂಪಿನೋನು.

ಮೂಲೆ_ಸೀಟು:
ಡಾಕಿನ್ಸ್, ಹಿಚೆನ್ಸ್ ಅವ್ರ ಆ ನಾಸ್ತಿಕ ಅಲೆ ಹುಟ್ಟಿದ್ದೇ ಸಿಟ್ಟಲ್ಲಿ. ಅಮೆರಿಕದ ಮೇಲೆ 2001ರ ಸೆಪ್ಟೆಂಬರ್ ದಾಳಿ ಆದ್ಮೇಲೆ 2004ಕ್ಕೆ ಧರ್ಮದ ವಿರುದ್ಧ ಸ್ಯಾಮ್ ಹ್ಯಾರಿಸ್ ಪುಸ್ತಕ, 2006ಕ್ಕೆ ಡಾಕಿನ್ಸ್‌ದು, 2007ಕ್ಕೆ ಹಿಚೆನ್ಸ್‌ದು. 2011ರಲ್ಲಿ ಹಿಚೆನ್ಸ್ ತೀರ್ಕೊಂಡ್ರು, ಆಮೇಲೆ ಒಳಗೊಳಗೇ ಜಗಳ ಶುರುವಾಯ್ತು. 2023ರಲ್ಲಿ ಅದೇ ಗುಂಪಿನ ಲೇಖಕಿ ಅಯಾನ್ ಹಿರ್ಸಿ ಅಲಿ ನಾನೀಗ ಕ್ರೈಸ್ತಳು ಅಂದ್ರು, ಮರುವರ್ಷ ಡಾಕಿನ್ಸ್ ಅವ್ರೇ, ನಂಬಿಕೆ ಇಲ್ಲ ಆದ್ರೆ ಸಾಂಸ್ಕೃತಿಕವಾಗಿ ಕ್ರೈಸ್ತ ಅಂತ ರಾಗ ಎಳೆದ್ರು. ಹುಡುಗ್ರು ನಗದೇ ಇನ್ನೇನು ಮಾಡ್ತಾರೆ.

ಅರ್ಧ_ನಿದ್ದೆ:
ನಂಗೆ 20, ಹಾಗಾಗಿ ಹೇಳ್ತೀನಿ. ನಿಮ್ಗೆಲ್ಲಾ ಒದ್ದು ತೆಗೆಯೋಕೆ ಬಾಗಿಲಿತ್ತು, ನಮ್ಮನೇಲಿ ಅದು ತೆರೆದೇ ಇತ್ತು, ಯಾರೂ ಬಲವಂತ ಮಾಡ್ಲಿಲ್ಲ, ಮತ್ತೆ ಯಾರ ಮೇಲೆ ಸಿಟ್ಟು ಮಾಡ್ಕೊಳ್ಳೋದು? ದೇವ್ರಿದಾನಾ ಅಂತ ನಮ್ಮ ಗ್ಯಾಂಗಲ್ಲಿ ಯಾರೂ ಕೇಳಲ್ಲ. ರಾತ್ರಿ ಮೂರಕ್ಕೆ ಎದೆ ಡವಡವ ಅಂದಾಗ ಯಾರಿಗೆ ಮೆಸೇಜ್ ಮಾಡೋದು ಅನ್ನೋದೇ ನಮ್ಮ ಪ್ರಶ್ನೆ, ಅದಕ್ಕೆ ಆ ಡಿಬೇಟ್‌ಗಳಲ್ಲಿ ಉತ್ತರ ಇಲ್ಲ. ಫ್ರೆಂಡ್ ಒಬ್ಳು ಭವಿಷ್ಯ ಹೇಳೋ ಟ್ಯಾರೋ ಕಾರ್ಡ್ ನೋಡ್ತಾಳೆ, ನಂಬ್ತೀಯಾ ಅಂದ್ರೆ "ಚೂರುಪಾರು" ಅಂತಾಳೆ.

ಮೂಲೆ_ಸೀಟು:
ಒಪ್ದೆ ಮಾರಾಯಾ, ಆದ್ರೆ ಬಾಗಿಲು ಎಲ್ಲಾ ಕಡೆ ತೆರೆದಿಲ್ಲ. 2015ರಲ್ಲಿ ಢಾಕಾದಲ್ಲಿ ಪುಸ್ತಕ ಮೇಳದಿಂದ ಹೊರಗೆ ಬಂದ ನಾಸ್ತಿಕ ಬ್ಲಾಗರ್ ಅವಿಜಿತ್ ರಾಯ್ ಅವ್ರನ್ನ ಬೀದೀಲೇ ಕೊಚ್ಚಿ ಕೊಂದ್ರು. ಅಂಥ ಕಡೆ ಇರೋ 20ರ ಹುಡುಗ ಆ ಪದಾನ ಫ್ಯಾಶನ್‌ಗೆ ಬಳಸಲ್ಲ.

ಹಳೇ_ವಾದಿ:
ಹ್ಮ್. ಈ ಥ್ರೆಡ್ ಅವ್ನಿಗೆ ಕಳಿಸ್ದೆ. "ಓದ್ತೀನಿ ಮಾಮ" ಅಂದಿದಾನೆ, ಅಂದ್ರೆ ಓದಲ್ಲ.